ತನ್ನ ತಪ್ಪನ್ನು ಮರೆಮಾಡದ ವೈದ್ಯನು

ಬೀದರ ಪಟ್ಟಣದಲ್ಲಿಯೂ ಭಾಲ್ಕಿ, ಔರಾದ ಸೀಮೆಯ ಹಳ್ಳಿಗಳಲ್ಲಿಯೂ ಕೊರಳಲ್ಲಿ ಗಂಟು ಎದ್ದವರು ಅದನ್ನು ಸೆರಗಿನಿಂದಲೋ ರುಮಾಲಿನಿಂದಲೋ ಮುಚ್ಚಿಕೊಂಡು ಸುಮ್ಮನಿರುವದುಂಟು. ಕೊರಳಿಗೆ ಕತ್ತಿ ತಗಲಿದರೆ ಪ್ರಾಣ ಹೋದೀತೆಂಬ ಭಯವೇ ಇದಕ್ಕೆ ಕಾರಣವು. ಒಂದು ಕಾಲದಲ್ಲಿ ಈ ಭಯವು ನಿಜವೇ ಆಗಿತ್ತು. ಅದನ್ನು ನೀಗಿಸಿದವರಲ್ಲಿ ಮುಖ್ಯನಾದ ಒಬ್ಬನ ಚರಿತ್ರೆಯನ್ನು ನಾವು ಇಲ್ಲಿ ಹೇಳುತ್ತೇವೆ.

ತಿಯೊಡೋರ್ ಕೋಖರನು 1841ನೇ ಇಸವಿಯಲ್ಲಿ ಸ್ವಿಟ್ಜರ್ಲೆಂಡ್ ದೇಶದ ಬರ್ನ್ ಪಟ್ಟಣದಲ್ಲಿ ಹುಟ್ಟಿದನು. ಆತನ ತಾಯಿ ಮೊರೇವಿಯನ್ ಸಭೆಯವಳು. 1872ರಲ್ಲಿ, ಮೂವತ್ತೊಂದು ವರುಷ ತುಂಬುವದರೊಳಗಾಗಿ, ಆತನು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾದನು.

ಆ ಬೆಟ್ಟದ ನಾಡಿನ ನೀರಿನಲ್ಲಿಯೂ ಮಣ್ಣಿನಲ್ಲಿಯೂ ಅಯೋಡಿನ್ ಕೊರತೆಯಿದ್ದದರಿಂದ ಅನೇಕರಿಗೆ ಗಳಗಂಡವಿತ್ತು. ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ರಕ್ತನಾಳಗಳು ಬಹಳ. ಕೊಯ್ದರೆ ರಕ್ತ ಹರಿದು ರೋಗಿಗಳು ಸಾಯುತ್ತಿದ್ದರು. ಕೋಖರನು ಆತುರಪಡದೆ, ಒಂದೊಂದು ನಾಳವನ್ನೂ ಕಟ್ಟಿ, ಕೈಯನ್ನೂ ಆಯುಧಗಳನ್ನೂ ಶುದ್ಧವಾಗಿಟ್ಟು ಕೆಲಸಮಾಡಿದನು. 1912ರ ಹೊತ್ತಿಗೆ ಆತನ ಶಸ್ತ್ರಕ್ರಿಯೆಗಳು ಸುಮಾರು 5000 ಆಗಿದ್ದವು. ಸಾಯುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆಯಾಗಿದ್ದರು.

ಆದರೆ ಈ ಜಯದೊಳಗೆ ಒಂದು ದುಃಖವು ಅಡಗಿತ್ತು. 1874ರಲ್ಲಿ ಆತನು ಹನ್ನೊಂದು ವರುಷದ ಒಬ್ಬ ಹುಡುಗಿಯ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಿದ್ದನು. ಗಾಯವು ಚೆನ್ನಾಗಿ ಮಾಯಿತು. ವರುಷಗಳ ತರುವಾಯ ನೋಡಿದರೆ, ಅವಳ ತಂಗಿಯು ಎತ್ತರವಾಗಿ ಬೆಳೆದಿದ್ದಳು. ಇವಳಾದರೋ ಗಿಡ್ಡಳಾಗಿ, ಮುಖ ಬಾತು, ಬುದ್ಧಿ ಮಂದವಾಗಿದ್ದಳು. ಕೋಖರನು ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಯಿಸಿದನು. ಗ್ರಂಥಿಯನ್ನು ಪೂರ್ತಿ ಕಳಕೊಂಡವರಲ್ಲಿ ಪರೀಕ್ಷೆಗೆ ಸಿಕ್ಕಿದ 18 ಮಂದಿಯಲ್ಲಿ 16 ಮಂದಿಗೆ ಇದೇ ಗತಿಯಾಗಿತ್ತು. 1883ರಲ್ಲಿ ಆತನು ಇದನ್ನು ಮುಚ್ಚಿಡದೆ ಶಸ್ತ್ರವೈದ್ಯರ ಸಭೆಯ ಮುಂದೆ ಒಪ್ಪಿಕೊಂಡನು. ಅಂದಿನಿಂದ, ಕ್ಯಾನ್ಸರ್ ಇದ್ದ ಹೊರತು, ಗ್ರಂಥಿಯನ್ನು ಪೂರ್ತಿ ತೆಗೆಯಲಿಲ್ಲ.

ಆ ಒಪ್ಪಿಕೆಯು ಫಲಕೊಟ್ಟಿತು. ಗ್ರಂಥಿಯು ದೇಹಕ್ಕೆ ಅವಶ್ಯವೆಂದು ಲೋಕವು ತಿಳಿಯಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಕುರಿಯ ಗ್ರಂಥಿಯ ಸಾರವನ್ನು ಕೊಟ್ಟು ಅಂಥ ರೋಗವನ್ನು ಗುಣಪಡಿಸಿದನು. ಕೋಖರನಿಗೆ 1909ರಲ್ಲಿ ನೊಬೆಲ್ ಬಹುಮಾನ ದೊರೆಯಿತು. 1917ರಲ್ಲಿ ಆತನು ತೀರಿಕೊಂಡನು.

ಈಗ ಕೊರಳಿನ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಸಣ್ಣ ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷಿಸುತ್ತಾರೆ. ಕ್ಯಾನ್ಸರ್ ಆದರೆ ಗ್ರಂಥಿಯ ಅರ್ಧವನ್ನೋ ಪೂರ್ತಿಯನ್ನೋ ತೆಗೆಯುತ್ತಾರೆ. ಅತಿ ಸಣ್ಣದಾದರೆ ಕೆಲವರನ್ನು ಆಗಾಗ ಪರೀಕ್ಷಿಸುತ್ತಾ ಕಾಯುವದೂ ಉಂಟು. ಸಾಮಾನ್ಯ ವಿಧಗಳಲ್ಲಿ, ಅಗತ್ಯವಿದ್ದರೆ, ವಿಕಿರಣವುಳ್ಳ ಅಯೋಡಿನನ್ನು ನುಂಗಲು ಕೊಡುತ್ತಾರೆ. ಅದು ಉಳಿದ ರೋಗಕಣಗಳನ್ನು ಹುಡುಕಿ ಸುಡುತ್ತದೆ. ಅದನ್ನು ತೆಗೆದುಕೊಂಡವರು ಕೆಲವು ದಿನ ಮಕ್ಕಳಿಂದಲೂ ಬಸುರಿಯರಿಂದಲೂ ದೂರವಿರಬೇಕು. ಎಲ್ಲಾ ವಿಧಗಳಿಗೆ ಇದು ನಾಟುವದಿಲ್ಲ. ಕೆಲವು ವಿಧಗಳು ಕಠಿಣವೂ ಆಗಿವೆ. ಆದದರಿಂದ ತಡಮಾಡಬಾರದು.

ಗ್ರಂಥಿ ಪೂರ್ತಿ ಹೋದವರು ಬೆಳಗಿನ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಗುಳಿಗೆಯನ್ನು ಜೀವವಿರುವ ತನಕ ತೆಗೆದುಕೊಳ್ಳಬೇಕು. ಮೈ ನೆಟ್ಟಗಾಯಿತೆಂದು ಅದನ್ನು ಬಿಡುವವರು ಆ ಹುಡುಗಿಯನ್ನು ನೆನಸಲಿ. ಅವಳಿಗೆ ಸಿಗದೆಹೋದದ್ದು ನಮಗೆ ಒಂದು ಚಿಕ್ಕ ಗುಳಿಗೆಯಾಗಿ ಸಿಕ್ಕಿದೆ.

ಸಹೋದರ ಸಹೋದರಿಯರೇ, ಅಷ್ಟು ದೊಡ್ಡ ವೈದ್ಯನು ತನ್ನ ತಪ್ಪನ್ನೇ ಬೈಲಿಗೆ ತಂದಿರಲಾಗಿ, ತಪ್ಪೇ ಅಲ್ಲದ ಗಂಟನ್ನು ನಾವು ಯಾಕೆ ಮುಚ್ಚಿಡಬೇಕು? ಸೆರಗು ಸರಿಸಿ ವೈದ್ಯರಿಗೆ ತೋರಿಸೋಣ.