ಶಿಶುಗೀತೆ ಬರೀ ಬಾಯಿಪಾಠವೇ? ಪಂಜೆಯವರ ಬದುಕಿನಲ್ಲಿದೆ ಉತ್ತರ

ಅಕ್ಷರ ತಿದ್ದಿಸಿದರೆ ಸಾಕು, ಓದು ತಾನಾಗಿ ಬರುತ್ತದೆ, ಪದ್ಯ ಹಾಡಿಸುವುದು ಹೊತ್ತು ಕಳೆಯುವ ಕೆಲಸ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಇದು ನಿಜವೇ? ಪಂಜೆ ಮಂಗೇಶರಾಯರ ಬದುಕಿನತ್ತ ಒಮ್ಮೆ ನೋಡೋಣ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದು, ಮುಂದೆ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ಊರೂರು ಸುತ್ತಿದರು. ಆ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಕನ್ನಡವೆಂದರೆ ಶಾಲೆಗೆ ಬಂದ ಮೇಲೆ ಕಲಿಯುವ ಭಾಷೆ.

ಅಂಥ ಮಕ್ಕಳಿಗಾಗಿ ಅವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಪದ್ಯ ಬರೆದರು, ಪಠ್ಯಪುಸ್ತಕ ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ನಾಗರಹಾವಿನ ಪದ್ಯದ ಪುಟ್ಟ ಸಾಲುಗಳಿಗೆ ಕೈತಾಳ ತಾನಾಗಿ ಕೂಡಿಕೊಳ್ಳುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ಸದ್ದು ಮಾತಿನ ಲಯದಲ್ಲೇ ಕೇಳಿಸುತ್ತದೆ.

ಲಯಕ್ಕೂ ಓದಿಗೂ ಏನು ನಂಟು? ‘ಕತೆ’ ಮತ್ತು ‘ಕತ್ತೆ’, ‘ಹಳೆ’ ಮತ್ತು ‘ಹಾಳೆ’ ಹೇಳಿ ನೋಡಿ. ವ್ಯತ್ಯಾಸವಿರುವುದು ಉಚ್ಚರಿಸುವ ಹೊತ್ತಿನಲ್ಲಿ. ಕಿವಿ ಇದನ್ನು ಹಿಡಿದರೆ ದೀರ್ಘವನ್ನೂ ಒತ್ತಕ್ಷರವನ್ನೂ ಗುರುತಿಸುವುದು ಸುಲಭ. ಮಾತಿನ ಲಯವನ್ನು ಚೆನ್ನಾಗಿ ಗ್ರಹಿಸುವ ಮಕ್ಕಳು ಸಾಮಾನ್ಯವಾಗಿ ಓದಿನಲ್ಲೂ ಮುಂದಿರುತ್ತಾರೆ ಎಂದು ಹಲವು ಭಾಷೆಗಳಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ. ಡಿಸ್ಲೆಕ್ಸಿಯಾ ಇರುವ ಅನೇಕ ಮಕ್ಕಳಿಗೆ ತಾಳ ಹಿಡಿಯುವುದೇ ಕಷ್ಟ.

ಧ್ವನಿಯ ಏರಿಳಿತ, ನಿಲುಗಡೆಗಳೂ ಅಷ್ಟೇ ಮುಖ್ಯ. ‘ಅಮ್ಮ ನಗುತ್ತಾ ಓಡಿಬಂದ ಮಗುವನ್ನು ಎತ್ತಿಕೊಂಡಳು’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಅಮ್ಮ’ ಎಂದು ನಿಂತರೆ ನಗುವವರು ಮಗು, ‘ನಗುತ್ತಾ’ ಎಂದು ನಿಂತರೆ ಅಮ್ಮ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿಗೆ ಈ ಅರ್ಥ ತಪ್ಪಿಹೋಗುತ್ತದೆ. ಹಾಗಾಗಿ ವೇಗವಾಗಿ ಓದುವುದೊಂದೇ ಚೆನ್ನಾಗಿ ಓದುವುದಲ್ಲ.

ಪಂಜೆಯವರು ಪ್ರಯೋಗಾಲಯದಲ್ಲಿ ಇದನ್ನೆಲ್ಲ ಪರೀಕ್ಷಿಸಿದವರಲ್ಲ. ಪದ್ಯವೊಂದರಿಂದಲೇ ಓದು ಬಂದುಬಿಡುವುದೂ ಇಲ್ಲ, ಅಕ್ಷರ ಕಲಿಸಲೇಬೇಕು. ಆದರೆ ಕಣ್ಣಿನ ಜೊತೆಗೆ ಕಿವಿಯನ್ನೂ ತಿದ್ದಬೇಕು. ಅವರ ಪದ್ಯಗಳು ಮಾಡಿದ್ದು ಆ ಕೆಲಸವನ್ನೇ.

1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು 1937ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಿಮ್ಮ ಮನೆಯ ಮಗು ಓದುವಾಗ ತಡವರಿಸುತ್ತಿದೆಯೇ? ಗದರಿಸಬೇಡಿ. ಮೊದಲು ನೀವು ಭಾವ ತುಂಬಿ ಓದಿ, ಆಮೇಲೆ ಚಪ್ಪಾಳೆ ತಟ್ಟುತ್ತಾ ಜೊತೆಗೂಡಿ ಓದಿ.