ಅರ್ಜಿ ಹಿಡಿದು ಅಲೆದ ಪದವೀಧರ

ಮೈಸೂರಿನ ರಾಮಕೃಷ್ಣನಗರದಲ್ಲಿ ವಾಸವಾಗಿರುವ ನಮ್ಮ ಕಥೋಲಿಕ ಕುಟುಂಬಗಳು ತಮ್ಮ ವಿಳಾಸ ಬರೆಯುವಾಗಲೆಲ್ಲ ಶ್ರೀ ರಾಮಕೃಷ್ಣ ಪರಮಹಂಸರ ಹೆಸರನ್ನು ಬರೆಯುತ್ತವೆ. ಪಕ್ಕದ ಬಡಾವಣೆಗೆ ಇರುವುದು ಆ ಪರಮಹಂಸರ ಜೀವನಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟ ಕುವೆಂಪು ಅವರ ಹೆಸರು. ಈ ಬಡಾವಣೆಗಳ ಮನೆಗಳಿಂದ ಪ್ರತಿ ವರ್ಷವೂ ಪದವಿ ಮುಗಿಸಿದ ಮಕ್ಕಳು ಉದ್ಯೋಗ ಅರಸಿ ಬೆಂಗಳೂರಿನತ್ತ ಹೊರಡುತ್ತಾರೆ. ಕೆಲವರಿಗೆ ಬೇಗನೆ ಕೆಲಸ ದೊರೆಯುತ್ತದೆ. ಮತ್ತೆ ಕೆಲವರು ತಿಂಗಳುಗಟ್ಟಲೆ ಅರ್ಜಿ ಹಾಕಿ, ಸಂದರ್ಶನಕ್ಕೆ ಹೋಗಿ, ಬಾರದ ಉತ್ತರಕ್ಕಾಗಿ ಕಾಯುತ್ತಾರೆ. ಪರಮಹಂಸರ ಅಚ್ಚುಮೆಚ್ಚಿನ ಶಿಷ್ಯರೂ ಒಂದು ಕಾಲದಲ್ಲಿ ಹೀಗೆಯೇ ಕಾದವರು ಎಂಬುದು ಅನೇಕರಿಗೆ ನೆನಪಿರಲಾರದು. ಸ್ವಾಮಿ ವಿವೇಕಾನಂದರೆಂದು ಜಗತ್ತು ಅರಿಯುವ ಮೊದಲು ಅವರು ನರೇಂದ್ರನಾಥ ದತ್ತ ಎಂಬ ನಿರುದ್ಯೋಗಿ ಪದವೀಧರರಾಗಿದ್ದರು.

ನರೇಂದ್ರನಾಥರು ಜನಿಸಿದ್ದು 1863ರ ಜನವರಿ 12ರಂದು, ಕಲ್ಕತ್ತಾ ನಗರದ ಸಿಮ್ಲಾ ಭಾಗದಲ್ಲಿ. ತಂದೆ ವಿಶ್ವನಾಥ ದತ್ತರು ಅಲ್ಲಿಯ ಉಚ್ಚ ನ್ಯಾಯಾಲಯದಲ್ಲಿ ಅಟಾರ್ನಿಯಾಗಿದ್ದರು. ತಾಯಿ ಭುವನೇಶ್ವರಿ ದೇವಿ. ತಂದೆಯದು ದೊಡ್ಡ ಸಂಪಾದನೆ, ಅದಕ್ಕಿಂತ ದೊಡ್ಡ ಕೈ. ಬಂಧುಗಳಿಗೂ ಆಶ್ರಿತರಿಗೂ ಆ ಮನೆಯ ಬಾಗಿಲು ಸದಾ ತೆರೆದಿರುತ್ತಿತ್ತು. ಹುಡುಗ ಓದಿನಲ್ಲಿ ಚುರುಕು, ಸಂಗೀತದಲ್ಲಿ ಪರಿಣತ, ವ್ಯಾಯಾಮದಲ್ಲಿ ಆಸಕ್ತ. ಕಾಲೇಜು ವ್ಯಾಸಂಗದ ಹೆಚ್ಚಿನ ಭಾಗ ನಡೆದದ್ದು ಸ್ಕಾಟ್‌ಲೆಂಡಿನ ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ ಜನರಲ್ ಅಸೆಂಬ್ಲೀಸ್ ಸಂಸ್ಥೆಯಲ್ಲಿ. ಇಂದು ಅದು ಸ್ಕಾಟಿಷ್ ಚರ್ಚ್ ಕಾಲೇಜು ಎಂದು ಹೆಸರಾಗಿದೆ. ಅಲ್ಲಿಯ ಪ್ರಾಂಶುಪಾಲರಾದ ವಿಲಿಯಂ ಹೇಸ್ಟಿಯವರು ಒಮ್ಮೆ ವರ್ಡ್ಸ್‌ವರ್ತ್ ಕವಿಯ ಕಾವ್ಯವನ್ನು ಬೋಧಿಸುತ್ತ ಸಮಾಧಿಸ್ಥಿತಿಯ ಪ್ರಸ್ತಾಪ ಬಂದಾಗ, ಅಂಥ ಅನುಭವವುಳ್ಳ ವ್ಯಕ್ತಿಯನ್ನು ಕಾಣಬೇಕಾದರೆ ದಕ್ಷಿಣೇಶ್ವರದ ರಾಮಕೃಷ್ಣರ ಬಳಿಗೆ ಹೋಗಬೇಕೆಂದು ವಿದ್ಯಾರ್ಥಿಗಳಿಗೆ ತಿಳಿಸಿದರು. 1881ರಲ್ಲಿ ನರೇಂದ್ರರಿಗೆ ರಾಮಕೃಷ್ಣರ ಪರಿಚಯವಾಯಿತು. ಆದರೂ ಆಗ ಅವರ ಮುಂದಿದ್ದ ದಾರಿ ತಂದೆಯಂತೆ ವಕೀಲರಾಗುವುದು, ಸಂಸಾರ ಹೂಡುವುದು.

1884ರ ಆರಂಭದಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲವೇ ದಿನಗಳಲ್ಲಿ ಸಿಡಿಲೆರಗಿತು. ಫೆಬ್ರವರಿ ತಿಂಗಳಲ್ಲಿ ತಂದೆ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡರು. ಲೆಕ್ಕಪತ್ರಗಳನ್ನು ತೆಗೆದು ನೋಡಿದಾಗ ಉಳಿತಾಯವಿರಲಿಲ್ಲ, ಸಾಲವಿತ್ತು. ಅವರ ಅನ್ನವುಂಡ ಬಂಧುಗಳೇ ಪಿತ್ರಾರ್ಜಿತ ಮನೆಯ ಮೇಲೆ ವ್ಯಾಜ್ಯ ಹೂಡಿದರು. ತಾಯಿ, ತಮ್ಮಂದಿರು, ತಂಗಿಯರ ಹೊಣೆ 21 ವರ್ಷದ ಹಿರಿಮಗನ ಹೆಗಲೇರಿತು. ಕಿರಿಯ ತಮ್ಮ ಭೂಪೇಂದ್ರನಾಥ ಇನ್ನೂ ನಾಲ್ಕು ವರ್ಷ ತುಂಬದ ಮಗು.

ಸೂತಕದ ದಿನಗಳು ಕಳೆಯುವ ಮೊದಲೇ ನರೇಂದ್ರರು ಕೆಲಸ ಹುಡುಕಲು ಹೊರಟರು. ಕಲ್ಕತ್ತಾ ಆಗ ಬ್ರಿಟಿಷ್ ಭಾರತದ ರಾಜಧಾನಿ. ಸರ್ಕಾರಿ ಕಚೇರಿಗಳು, ವ್ಯಾಪಾರಿ ಕಂಪನಿಗಳು, ಬ್ಯಾಂಕುಗಳು ಸಾಲುಗಟ್ಟಿ ನಿಂತಿದ್ದ ಮಹಾನಗರ. ಆದರೆ ವಿಶ್ವವಿದ್ಯಾಲಯ ಹೊರತರುತ್ತಿದ್ದ ಪದವೀಧರರಿಗೆ ತಕ್ಕಷ್ಟು ಹುದ್ದೆಗಳು ಅಲ್ಲಿರಲಿಲ್ಲ. ಮೇಲಿನ ಹುದ್ದೆಗಳು ಆಂಗ್ಲರಿಗೆ ಮೀಸಲು. ಗುಮಾಸ್ತಿಕೆಗೂ ಶಿಫಾರಸು ಬೇಕು. ತಂದೆ ಬದುಕಿದ್ದಾಗ ಮನೆಗೆ ಬಂದು ಹೋಗುತ್ತಿದ್ದವರಲ್ಲಿ ಅನೇಕರು ಈಗ ಗುರುತು ಸಿಗದವರಂತೆ ನಡೆದುಕೊಂಡರು. ಬರಿಗಾಲಿನಲ್ಲಿ, ಕೈಯಲ್ಲಿ ಅರ್ಜಿ ಹಿಡಿದು, ಉರಿಬಿಸಿಲಿನಲ್ಲಿ ಅವರು ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲ ಕಡೆಯೂ ಬಾಗಿಲು ಮುಚ್ಚಿತ್ತು. ಒಂದು ದಿನ ಅಂಗಾಲು ಬೊಬ್ಬೆಯೆದ್ದು ನಡೆಯಲಾರದೆ ಮೈದಾನದ ಆಕ್ಟರ್ಲೋನಿ ಸ್ಮಾರಕದ ನೆರಳಿನಲ್ಲಿ ಕುಳಿತುಬಿಟ್ಟರು. ಜತೆಗಿದ್ದ ಗೆಳೆಯನೊಬ್ಬ ಸಮಾಧಾನಪಡಿಸಲೆಂದು ದೇವರ ಕೃಪೆಯನ್ನು ಕುರಿತ ಹಾಡೊಂದನ್ನು ಹಾಡಿದಾಗ ಅವರಿಗೆ ತಲೆಯ ಮೇಲೆ ಪೆಟ್ಟು ಬಿದ್ದಂತಾಯಿತು. ಮನೆಯವರ ಹಸಿವನ್ನು ಕಾಣದವರಿಗೆ ಅಂಥ ಹಾಡು ಹಿತವಾಗಬಹುದೆಂದು ಅವರು ಸಿಡುಕಿದರು.

ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಅಕ್ಕಿಯಿಲ್ಲವೆಂದು ತಿಳಿದ ದಿನ, ತಮಗೆ ಬೇರೆಡೆ ಊಟಕ್ಕೆ ಕರೆ ಇದೆಯೆಂದು ತಾಯಿಗೆ ಸುಳ್ಳು ಹೇಳಿ ಹೊರಟುಬಿಡುತ್ತಿದ್ದರು. ಆ ದಿನ ಉಪವಾಸ, ಇಲ್ಲವೇ ಎಲ್ಲೋ ಸಿಕ್ಕಷ್ಟು. ಸ್ವಾಭಿಮಾನ ಅವರ ಬಾಯಿ ಕಟ್ಟಿತ್ತು. ಶ್ರೀಮಂತ ಗೆಳೆಯರು ಹಿಂದಿನಂತೆ ಹಾಡಲು ಕರೆಯುತ್ತಿದ್ದರು, ಅವರು ಹೋಗುತ್ತಿದ್ದರು, ತಮ್ಮ ಹಸಿವಿನ ಮಾತು ಎತ್ತುತ್ತಿರಲಿಲ್ಲ. ಅಡ್ಡದಾರಿಯ ಹಣವೂ ಎದುರು ಬಂದು ನಿಂತಿತು. ಸಿರಿವಂತ ಹೆಂಗಸೊಬ್ಬಳು ತನ್ನೊಡನೆ ಬಾಳಿದರೆ ದಾರಿದ್ರ್ಯ ನೀಗುವುದೆಂದು ಸೂಚಿಸಿದಾಗ ಅವರು ಅದನ್ನು ಕಟುವಾಗಿ ತಳ್ಳಿಹಾಕಿದರು. ಹಾಸಿಗೆಯಿಂದೇಳುತ್ತ ದೇವರ ನಾಮ ಹೇಳುವ ಅವರ ಅಭ್ಯಾಸವನ್ನು ಕೇಳಿಸಿಕೊಂಡ ತಾಯಿ ಒಂದು ಮುಂಜಾನೆ ನೊಂದು ಗದರಿದರು: ಚಿಕ್ಕಂದಿನಿಂದ ಕರೆದ ಆ ದೇವರು ಮಾಡಿದ್ದಾದರೂ ಏನೆಂಬುದು ಆ ವಿಧವೆಯ ಸಂಕಟ. ಮಗನ ನಂಬಿಕೆ ಆಗ ಅಲುಗಾಡಿತು. ದೇವರಿರುವುದು ನಿಜವಾದರೆ ಈ ಮೊರೆ ಅವನಿಗೇಕೆ ಮುಟ್ಟುವುದಿಲ್ಲವೆಂದು ಅವರು ಬಹಿರಂಗವಾಗಿಯೇ ಪ್ರಶ್ನಿಸತೊಡಗಿದರು. ಯೋಬನ ಗ್ರಂಥವನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ.

ಊರಿಗೆ ಇಷ್ಟು ಸಾಕಾಯಿತು. ನರೇಂದ್ರ ನಾಸ್ತಿಕನಾದ, ದುಶ್ಚಟಗಳಿಗೆ ಬಿದ್ದ ಎಂಬ ಸುದ್ದಿ ಹರಡಿತು. ಹಸಿವಿಗಿಂತ ಈ ಮಾತುಗಳು ಅವರನ್ನು ಹೆಚ್ಚು ನೋಯಿಸಿದವು. ನೊಂದವರು ತಮ್ಮನ್ನು ಸಮರ್ಥಿಸಿಕೊಳ್ಳಲಿಲ್ಲ, ಬದಲಾಗಿ ಇನ್ನಷ್ಟು ಒರಟಾದರು. ಆ ಸುದ್ದಿ ದಕ್ಷಿಣೇಶ್ವರಕ್ಕೂ ತಲುಪಿತು. ಆದರೆ ರಾಮಕೃಷ್ಣರು ಅದನ್ನು ನಂಬಲಿಲ್ಲ, ಹೇಳಿದವರ ಬಾಯಿ ಮುಚ್ಚಿಸಿದರು. ಅಷ್ಟೇ ಅಲ್ಲ, ಮನೆಗೆ ಬಂದವರೊಬ್ಬರ ಬಳಿ ನರೇಂದ್ರನ ತಂದೆ ತೀರಿಹೋಗಿದ್ದಾರೆ, ಮನೆಯಲ್ಲಿ ಕಷ್ಟವಿದೆ, ಗೆಳೆಯರು ನೆರವಾದರೆ ಒಳ್ಳೆಯದೆಂದು ಹೇಳಿದರು. ಇದನ್ನು ಅರಿತ ನರೇಂದ್ರರು ತಮ್ಮ ಮನೆಯ ಸ್ಥಿತಿಯನ್ನು ಎಲ್ಲರ ಮುಂದೆ ಹೇಳಿದ್ದೇಕೆಂದು ಗುರುವನ್ನೇ ಆಕ್ಷೇಪಿಸಿದರು. ಗುರು ಮುನಿಸಿಕೊಳ್ಳಲಿಲ್ಲ. ಅವನಿಗಾಗಿ ತಾನು ಮನೆಮನೆ ಬೇಡಲೂ ಸಿದ್ಧನೆಂದು ಕಣ್ಣೀರಿಟ್ಟರು.

ಕೊನೆಗೊಂದು ದಿನ ನರೇಂದ್ರರು ತಾಯಿ, ತಮ್ಮಂದಿರ ಸಲುವಾಗಿ ತಮ್ಮ ಪರವಾಗಿ ಪ್ರಾರ್ಥಿಸಬೇಕೆಂದು ಗುರುವನ್ನು ಕೇಳಿಕೊಂಡರು. ನೀನೇ ಗುಡಿಗೆ ಹೋಗಿ ಕೇಳಿಕೋ ಎಂದು ರಾಮಕೃಷ್ಣರು ಕಳುಹಿಸಿದರು. ಆ ರಾತ್ರಿ ಮೂರು ಸಲ ಹೋದರೂ ನರೇಂದ್ರರ ಬಾಯಲ್ಲಿ ಹಣದ ಬೇಡಿಕೆ ಬರಲಿಲ್ಲ. ಜ್ಞಾನ, ಭಕ್ತಿ, ವೈರಾಗ್ಯಗಳನ್ನಷ್ಟೇ ಬೇಡಿ ಹಿಂತಿರುಗಿದರು. ಮನೆಯವರಿಗೆ ಸಾಧಾರಣ ಅನ್ನ ಬಟ್ಟೆಗಳಿಗೆ ಕೊರತೆಯಾಗದೆಂದು ಗುರು ಅಭಯವಿತ್ತರು. ಹಾಗೆಂದು ಮರುದಿನವೇ ಉದ್ಯೋಗ ಕೂಡಿಬರಲಿಲ್ಲ ಎಂಬುದನ್ನೂ ಹೇಳಬೇಕು. ನರೇಂದ್ರರು ಅಟಾರ್ನಿಯೊಬ್ಬರ ಕಚೇರಿಯಲ್ಲಿ ದುಡಿದರು, ಪುಸ್ತಕಗಳನ್ನು ಅನುವಾದಿಸಿ ಅಲ್ಪಸ್ವಲ್ಪ ಗಳಿಸಿದರು. ಹರ್ಬರ್ಟ್ ಸ್ಪೆನ್ಸರರ ಶಿಕ್ಷಣ ಕುರಿತ ಗ್ರಂಥವನ್ನು ಬಂಗಾಳಿಗೆ ತಂದರು. ಈಶ್ವರಚಂದ್ರ ವಿದ್ಯಾಸಾಗರರ ಮೆಟ್ರೊಪಾಲಿಟನ್ ಸಂಸ್ಥೆಯ ಶಾಲೆಯಲ್ಲಿ ಅಧ್ಯಾಪಕ ಹುದ್ದೆ ದೊರೆತರೂ ಅದು ಬಹುಕಾಲ ನಿಲ್ಲಲಿಲ್ಲ. ಸ್ಥಿರವಾದ ನೌಕರಿ ಅವರಿಗೆ ಕೊನೆಯವರೆಗೂ ಸಿಗಲೇ ಇಲ್ಲ.

1886ರ ಆಗಸ್ಟ್ 16ರಂದು ರಾಮಕೃಷ್ಣರು ಗಂಟಲಿನ ಕ್ಯಾನ್ಸರಿನಿಂದ ದೇಹತ್ಯಾಗ ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆಂಟ್‌ಪುರ ಎಂಬ ಹಳ್ಳಿಯಲ್ಲಿ ಸೇರಿದ ಯುವಕರಿಗೆ ರಾತ್ರಿ ಬೆಂಕಿಯ ಸುತ್ತ ಕುಳಿತು ನರೇಂದ್ರರು ಪ್ರಭು ಯೇಸುಕ್ರಿಸ್ತರ ಜೀವನವನ್ನು ಜನನದಿಂದ ಮರಣ, ಪುನರುತ್ಥಾನಗಳವರೆಗೆ ವಿವರಿಸಿದರು. ತಲೆಯಿಡಲು ತಾವಿಲ್ಲದ ಮನುಷ್ಯಪುತ್ರನ ಮಾರ್ಗದಲ್ಲಿ ನಡೆಯುವುದಾಗಿ ಅವರೆಲ್ಲ ಸಂಕಲ್ಪ ಮಾಡಿದರು. ಅದು ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಪರಿವ್ರಾಜಕರಾಗಿ ದೇಶ ಸುತ್ತಿದಾಗ ಅವರ ಜೋಳಿಗೆಯಲ್ಲಿ ಭಗವದ್ಗೀತೆಯ ಜತೆ ಥಾಮಸ್ ಅ ಕೆಂಪಿಸರ ‘ಕ್ರಿಸ್ತಾನುಕರಣೆ’ ಇತ್ತು. ನಮ್ಮ ಅನೇಕ ಮನೆಗಳಲ್ಲಿ ಓದುವ ಆ ಗ್ರಂಥದ ಆರು ಅಧ್ಯಾಯಗಳನ್ನು ಮುನ್ನುಡಿಯೊಡನೆ ಬಂಗಾಳಿಗೆ ಅನುವಾದಿಸಿ 1889ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

1892ರ ಕೊನೆಯಲ್ಲಿ ಅವರು ಬೆಳಗಾವಿ, ಗೋವಾಗಳ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಶೇಷಾದ್ರಿ ಅಯ್ಯರರು ಅವರನ್ನು ಅತಿಥಿಯಾಗಿ ಬರಮಾಡಿಕೊಂಡು ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಪರಿಚಯಿಸಿದರು. ದೊರೆ ಮತ್ತು ಸನ್ಯಾಸಿ ಇಬ್ಬರೂ 1863ರಲ್ಲಿ ಹುಟ್ಟಿದವರು. ಎಂಟು ವರ್ಷಗಳ ಹಿಂದೆ ಹುಟ್ಟೂರಿನಲ್ಲಿ ಗುಮಾಸ್ತಿಕೆಗಾಗಿ ಅಲೆದವರಿಗೆ ಇಲ್ಲಿ ಅರಮನೆಯ ಬಾಗಿಲು ತಾನಾಗಿ ತೆರೆಯಿತು. ಉಡುಗೊರೆಗಳನ್ನು ನೀಡಲು ದೊರೆ ಮುಂದಾದಾಗ ಅವರು ನೆನಪಿಗೆಂದು ಒಂದು ಹುಕ್ಕವನ್ನಷ್ಟೇ ತೆಗೆದುಕೊಂಡರು. ದಿವಾನರ ಹಣವನ್ನು ಒಲ್ಲದೆ ಮುಂದಿನ ಊರಿಗೆ ರೈಲು ಟಿಕೆಟನ್ನು ಮಾತ್ರ ಸ್ವೀಕರಿಸಿದರು. ಅವರ ಅಮೆರಿಕ ಪ್ರಯಾಣಕ್ಕಾಗಿ ಮದರಾಸಿನಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತಿದವರು ಅಳಸಿಂಗ ಪೆರುಮಾಳ್. ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಅವರದು ಕೂಡ ಬಡಸಂಸಾರವೇ.

ಕೆಲಸವಿಲ್ಲದ ದಿನಗಳ ಪಾಠವನ್ನು ವಿವೇಕಾನಂದರು ಮರೆಯಲಿಲ್ಲ. 1893ರ ಜುಲೈ ತಿಂಗಳಲ್ಲಿ ಜಪಾನಿನ ಯೊಕೊಹಾಮದಿಂದ ಕೆನಡಾದ ವ್ಯಾಂಕೂವರಿಗೆ ಹೊರಟ ಹಡಗಿನಲ್ಲಿ ಅವರಿಗೆ ಜಮ್‌ಶೆಟ್‌ಜಿ ಟಾಟಾ ಸಹಪ್ರಯಾಣಿಕರಾದರು. ಜಪಾನಿನಿಂದ ಬೆಂಕಿಕಡ್ಡಿ ತರಿಸಿ ಮಾರುವುದಕ್ಕಿಂತ ಸ್ವದೇಶದಲ್ಲಿಯೇ ಕಾರ್ಖಾನೆ ಹೂಡಿದರೆ ನಾಲ್ಕು ಜನರಿಗೆ ಅನ್ನ ದೊರೆಯುವುದೆಂದು ಅವರು ಟಾಟಾ ಅವರಿಗೆ ಹೇಳಿದ್ದನ್ನು ಸೋದರ ಮಹೇಂದ್ರನಾಥರು ಬರೆದಿಟ್ಟಿದ್ದಾರೆ. 1894ರಲ್ಲಿ ಮೈಸೂರು ಮಹಾರಾಜರಿಗೆ ಅಮೆರಿಕದಿಂದ ಬರೆದ ಪತ್ರದ ವಿಷಯವೂ ಬಡವರ ಶಿಕ್ಷಣವೇ. 1898ರ ನವೆಂಬರ್ 23ರಂದು ಟಾಟಾ ಅವರು ಆ ಹಡಗಿನ ಸಂಭಾಷಣೆಯನ್ನು ನೆನೆದು, ತಾವು ಯೋಚಿಸಿದ್ದ ವಿಜ್ಞಾನ ಸಂಸ್ಥೆಯ ವಿಚಾರದಲ್ಲಿ ಸ್ವಾಮಿಗಳ ನೆರವು ಕೋರಿ ಪತ್ರ ಬರೆದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ನೀಡಿದ್ದರಿಂದ ಆ ಸಂಸ್ಥೆ 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅದೇ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮ ಮಕ್ಕಳು ಕೆಲಸ ಅರಸಿ ಹೋಗುವ ಬೆಂಗಳೂರು ವಿಜ್ಞಾನ ನಗರವಾಗಿ ಬೆಳೆಯಲು ಅದೊಂದು ತಳಹದಿ.

ಸನ್ಯಾಸಿಯಾದ ಮೇಲೆ ಮನೆಯ ಹೊಣೆ ಕಳಚಿಕೊಂಡರೇ ಎಂಬ ಪ್ರಶ್ನೆ ಹೆತ್ತವರಲ್ಲಿ ಏಳುವುದು ಸಹಜ. ಆ ಹೊಣೆ ಅವರನ್ನು ಕೊನೆಯವರೆಗೂ ಕಾಡಿತು. ಖೇತ್ರಿಯ ರಾಜಾ ಅಜಿತ್ ಸಿಂಗರು ಅವರ ತಾಯಿಗೆ ತಿಂಗಳಿಗೆ 100 ರೂಪಾಯಿ ಕಳುಹಿಸುತ್ತಿದ್ದರು. ತಾಯಿಯ ಜೀವಿತಾವಧಿಯವರೆಗೂ ಅದನ್ನು ನಿಲ್ಲಿಸಬಾರದೆಂದು, ಯಾರಲ್ಲಿಯೂ ಬೇಡದ ಸ್ವಾಮಿಗಳು ಅವರಲ್ಲಿ ಬೇಡಿಕೊಂಡರು. 1901ರಲ್ಲಿ ತಾಯಿಯನ್ನು ಪೂರ್ವ ಬಂಗಾಳದ ತೀರ್ಥಯಾತ್ರೆಗೆ ಕರೆದೊಯ್ದರು. ತಂದೆಯ ಮರಣದೊಡನೆ ಬಂದ ಮನೆಯ ವ್ಯಾಜ್ಯ ಇತ್ಯರ್ಥವಾದದ್ದು ಅವರ ಮರಣಕ್ಕೆ ಕೆಲವೇ ದಿನ ಮುಂಚೆ. 1902ರ ಜುಲೈ 4ರಂದು, 39ನೆಯ ವಯಸ್ಸಿನಲ್ಲಿ, ಬೇಲೂರು ಮಠದಲ್ಲಿ ಅವರು ಕಣ್ಮುಚ್ಚಿದರು. ಮಗನನ್ನು ಕಳೆದುಕೊಂಡ ಭುವನೇಶ್ವರಿ ದೇವಿ 1911ರವರೆಗೆ ಬದುಕಿದ್ದರು.

ನಿರುದ್ಯೋಗಿಗಳೆಲ್ಲ ವಿವೇಕಾನಂದರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮ್ಮ ಮಕ್ಕಳಿಗೆ ಬೇಕಾದದ್ದು ಮರ್ಯಾದೆಯ ಕೆಲಸ, ತಿಂಗಳ ಸಂಬಳ. ಆದರೆ 1884ರ ಕಲ್ಕತ್ತಾ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಅಂದು ಕಚೇರಿಗಳು ಬಾಗಿಲು ಮುಚ್ಚಿದ್ದು ಆ ಯುವಕನಲ್ಲಿ ಕೊರತೆಯಿತ್ತೆಂದಲ್ಲ, ಕಾಲ ಹಾಗಿತ್ತು. ಅದನ್ನರಿಯದ ಊರು ಅವನ ನಡತೆಯನ್ನೇ ಶಂಕಿಸಿತು. ಒಬ್ಬರು ಮಾತ್ರ ಶಂಕಿಸದೆ, ಸಂಬಳವೆಷ್ಟೆಂದು ಕೇಳದೆ, ಅವನ ಹಸಿವನ್ನು ತಮ್ಮದೆಂದು ತಿಳಿದು ಪಕ್ಕದಲ್ಲಿ ಉಳಿದರು. ಕೆಲಸ ಸಿಗದೆ ಊರಿಗೆ ಮರಳಿದ ಮಗನೋ ಮಗಳೋ ಭಾನುವಾರದ ಬಲಿಪೂಜೆಗೆ ಬರಲು ನಾಚಿಕೊಳ್ಳುವುದುಂಟು. ದೇವಾಲಯದ ಅಂಗಳದಲ್ಲಿ ಎದುರಾಗುವ ಮೊದಲ ಪ್ರಶ್ನೆ ಯಾವುದೆಂದು ಅವರಿಗೆ ಗೊತ್ತಿದೆ. ಅವರ ಪಕ್ಕದಲ್ಲಿ ಹಾಗೆಯೇ ನಿಲ್ಲುವುದು ನಮ್ಮ ಧರ್ಮಕೇಂದ್ರದ ಹಿರಿಯರಿಗೂ ಬಂಧುಗಳಿಗೂ ಸಾಧ್ಯ. ತಿಳಿದ ಕಡೆ ಒಂದು ಮಾತು ಹೇಳಿ, ಹೇಳಿದ್ದನ್ನು ಊರಿಗೆ ಸಾರದೆ, ಆ ಮಕ್ಕಳನ್ನು ಊಟಕ್ಕೆ ಕರೆದರೆ ಅದೇ ದೊಡ್ಡ ಉಪಕಾರ.