ನಕ್ಷತ್ರ ನೋಡಿ ದಾರಿ ಹೇಳಿದ ಲ್ಯಾಂಬ್ಟನ್

1799ರ ಏಪ್ರಿಲ್, ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ. ಟಿಪ್ಪುವಿನ ಮೇಲೆ ಬಂದಿದ್ದ ಇಂಗ್ಲಿಷ್ ಸೈನ್ಯದ ಒಂದು ತುಕಡಿ ಜನರಲ್ ಬೇರ್ಡ್ ಜೊತೆ ಒಂದು ತೋಪನ್ನು ಜಾಲಾಡಲು ಹೋಗಿತ್ತು. ಅಲ್ಲಿ ಯಾರೂ ಇರಲಿಲ್ಲ. ವಾಪಸ್ ಬರುವಾಗ ಕತ್ತಲಲ್ಲಿ ದಾರಿ ತಪ್ಪಿತು. ಎಲ್ಲರೂ ತಮ್ಮ ಡೇರೆ ಕಡೆಗೇ ನಡೀತಿದ್ದೀವಿ ಅಂದುಕೊಂಡಿದ್ದರು. ವಿಲಿಯಂ ಲ್ಯಾಂಬ್ಟನ್ ಅನ್ನೋ ಅಧಿಕಾರಿ ಮಾತ್ರ ಆಕಾಶ ನೋಡಿದ. ತುಕಡಿ ಹೊಂಟಿದ್ದು ಉತ್ತರಕ್ಕಲ್ಲ, ದಕ್ಷಿಣಕ್ಕೆ, ಶತ್ರು ಇದ್ದ ಕಡೆಗೆ. ಜನರಲ್ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಬೆಳಕು ತಂದು ದಿಕ್ಸೂಚಿ ನೋಡಿದ್ರ, ಲ್ಯಾಂಬ್ಟನ್ ಹೇಳಿದ್ದೇ ಖರೆ.

ಕಣ್ಣು ಮುಚ್ಚಿ, ಹೆಜ್ಜೆ ಎಣಿಸಿಕೊಂಡು ಗಾಂಧಿ ಚೌಕದಿಂದ ಗೋಳಗುಮ್ಮಟಕ್ಕೆ ಹೋಗ್ತೀನಿ ಅಂದ್ರ ಏನಾಗ್ತದೋ, ಇನರ್ಶಿಯಲ್ ಸೆನ್ಸರ್ ಕಥೆನೂ ಅದೇ. ಒಳಗಿನ ಜೈರೋಗಳು ಎಷ್ಟು ತಿರುಗಿದೆವು ಅಂತ, ಆಕ್ಸಿಲರೋಮೀಟರ್‌ಗಳು ವೇಗ ಎಷ್ಟು ಬದಲಾಯ್ತು ಅಂತ ಸೆಕೆಂಡಿಗೆ ನೂರಾರು ಸಲ ಹೇಳ್ತವೆ. ಅದನ್ನು ಕೂಡಿಸ್ತಾ ಹೋದರೆ ನಾವಿರುವ ಜಾಗ ಸಿಗುತ್ತದೆ, ಆದರೆ ತಪ್ಪೂ ಕೂಡ್ತಾ ಹೋಗುತ್ತದೆ. ಗುರುತ್ವದ ಸಾವಿರದಲ್ಲಿ ಒಂದು ಪಾಲು ತಪ್ಪಿದ್ದರೂ ಸಾಕು, ಒಂದು ನಿಮಿಷಕ್ಕೆ ಸುಮಾರು 18 ಮೀಟರ್ ಸರಿದಿರ್ತೀವಿ. ಹತ್ತು ನಿಮಿಷಕ್ಕೆ ಒಂದೂವರೆ ಕಿಲೋಮೀಟರ್ ದಾಟಿರುತ್ತೆ. ಜಿಪಿಎಸ್ ನಿಧಾನ, ಆದರೆ ಅದರ ತಪ್ಪು ಹಿಂಗ ಬೆಳೆಯೋದಿಲ್ಲ. ಅದು ನಮ್ಮ ನಕ್ಷತ್ರ.

ದ್ರಾಕ್ಷಿ ತೋಟದಲ್ಲಿ ಓಡಾಡುವ ಸಣ್ಣ ಗಾಡಿಗೆ ನಮ್ಮ ಟೀಮು ಈಗ ಈ ಎರಡೂ ಇರುವ ಸೆನ್ಸರ್ ಕೂಡಿಸ್ತಾ ಇದೆ. ತಿಕೋಟಾ, ಬಬಲೇಶ್ವರ ಕಡೆಯ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲೆಗಳ ಅಡಿಯಲ್ಲಿ ಒಂದು ನಿಮಿಷ ಸಿಗ್ನಲ್ ಹೋಗಿ ಗಾಡಿ 18 ಮೀಟರ್ ಸರಿದ್ರ, ಅದು ಹೋಗಿ ನುಗ್ಗೋದು ಯಾರದೋ ವರ್ಷದ ಬೆಳೆ ಮೇಲೆ. ಈ ಕೆಲಸದ ನಡುವೆ ನಾವು ಲ್ಯಾಂಬ್ಟನ್ ಬಗ್ಗೆ ಓದಿದ್ದು.

ಇಂಗ್ಲೆಂಡಿನ ಯಾರ್ಕ್‌ಶೈರ್ ಅವನ ಊರು, ಸಾಧಾರಣ ಮನೆತನ. ಗಣಿತದಲ್ಲಿ ಚುರುಕು. ಸೈನ್ಯ ಸೇರಿ ಅಮೆರಿಕಕ್ಕೆ ಹೋದ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೆರೆ ಸಿಕ್ಕ. ಆಮೇಲೆ ಈಗಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ವರ್ಷಗಟ್ಟಲೆ ಬ್ಯಾರಕ್ ನೋಡಿಕೊಳ್ಳೋ ಕೆಲಸ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣು ಕೆಡಿಸಿಕೊಂಡ. ಮುಂದೆ ದೇಶ ಅಳೆದದ್ದು ಉಳಿದ ಇನ್ನೊಂದು ಕಣ್ಣಿನಿಂದ! ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು, ಹೇಳಿಕೊಳ್ಳುವಂಥ ಹುದ್ದೆ ಇರಲಿಲ್ಲ.

ಟಿಪ್ಪು ಸತ್ತ ಮೇಲೆ ಲ್ಯಾಂಬ್ಟನ್ ಒಂದು ಯೋಜನೆ ಕೊಟ್ಟ. ಪರ್ಯಾಯ ದ್ವೀಪವನ್ನೆಲ್ಲ ತ್ರಿಕೋನಗಳಿಂದ ಅಳೆಯೋದು, ಅದರ ಜೊತೆಗೇ ಭೂಮಿಯ ಆಕಾರ ಲೆಕ್ಕ ಹಾಕೋದು. ಅವನ ಆಸೆ ಇದ್ದದ್ದು ಎರಡನೆಯದರ ಮೇಲೆ. ಕಂಪನಿ ದುಡ್ಡು ಬಿಚ್ಚಿದ್ದು ಗೆದ್ದ ನೆಲದ ನಕ್ಷೆಗಾಗಿ, ಸೈನ್ಯದ ದಾರಿಗಾಗಿ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳೋದು ನಮಗೆ ಸರಿ ಕಾಣೋದಿಲ್ಲ.

ತ್ರಿಕೋನ ಕಟ್ಟಬೇಕಾದರೆ ಮೊದಲು ಒಂದು ಗೆರೆ ನೆಲದ ಮೇಲೆ ಕೈಯಾರೆ ಅಳೆಯಬೇಕು. 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರ ತನಕ ಬೆಂಗಳೂರಿನಲ್ಲಿ ಅವನು ಅಳೆದದ್ದು ಒಂದೇ ಗೆರೆ, ಸುಮಾರು 12 ಕಿಲೋಮೀಟರ್. ಅವನ ಹತ್ತಿರ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಅದರದ್ದೂ ಒಂದು ಕಥೆ ಇದೆ. ಚೀನಾ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ, ಅವನಿಗೆ ಬೇಡವಾಗಿ, ಕಲ್ಕತ್ತಾಕ್ಕೆ ಬಂದು ಇವನ ಕೈ ಸೇರಿದ್ದು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇಂಥದೇ ಇನ್ನೊಂದು ಗೆರೆ ಅಳೆಯುವಾಗ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಬಿಸಿಲಿಗೆ ಮರೆ ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟ. ಅತಿ ಆಯ್ತು ಅನಿಸಿದ್ರ ಲೆಕ್ಕ ಹಾಕಿ ನೋಡಿ. 10 ಡಿಗ್ರಿ ಬಿಸಿ ಏರಿದರೆ 100 ಅಡಿ ಉಕ್ಕು ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತೆ. 12 ಕಿಲೋಮೀಟರಿಗೆ ಅದೇ ಒಂದು ಮೀಟರ್ ದಾಟುತ್ತೆ.

ನಮ್ಮ ಸೆನ್ಸರ್‌ಗೂ ಇದೇ ಮರ್ಯಾದೆ ಬೇಕು. ಜೈರೋ ಸೊನ್ನೆ ಅನ್ನೋದು ಶಾಖದ ಜೊತೆ ಸರಿಯುತ್ತದೆ, ಅದಕ್ಕ ಆನ್ ಮಾಡಿದ ಕೂಡಲೇ ಓಡಿಸಬಾರದು. ಪೆಟ್ಟಿಗೆಯನ್ನು ಗಾಡಿಯ ಚೌಕಟ್ಟಿಗೆ ಅಲುಗದಂತೆ ಬಿಗಿದು, ಮೇಲಿನ ಬಾಣ ಮುಂದಕ್ಕೆ ಮಾಡಬೇಕು. ಆಂಟೆನಾಕ್ಕೆ ಸುತ್ತ ಬಯಲು ಆಕಾಶ ಬೇಕು. ಸೆನ್ಸರಿನಿಂದ ಆಂಟೆನಾಕ್ಕೆ ಮುಂದೆ, ಪಕ್ಕಕ್ಕೆ, ಮೇಲಕ್ಕೆ ಎಷ್ಟು ದೂರ ಅಂತ ಟೇಪ್ ಹಿಡಿದು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ತುಂಬಬೇಕು. ಆಮೇಲೆ ಒಂದೆರಡು ನಿಮಿಷ ಗಾಡಿ ಮುಟ್ಟಬಾರದು. ಗುರುತ್ವ ನೋಡಿ ಅದು ಕೆಳಗೆ ಯಾವುದು ಅಂತ ತಿಳಿದುಕೊಳ್ಳುತ್ತದೆ. ಉತ್ತರ ಯಾವುದು ಅನ್ನೋದು ಮಾತ್ರ ಇಂಥ ಅಗ್ಗದ ಜೈರೋಗೆ ನಿಂತಲ್ಲೇ ಗೊತ್ತಾಗಲ್ಲ. ನೆಟ್ಟಗೆ ಸ್ವಲ್ಪ ದೂರ ಓಡಿಸಿದ ಮೇಲೆ ಜಿಪಿಎಸ್ ಹೇಳಿಕೊಡಬೇಕು. ಬೇರ್ಡ್ ಸಾಹೇಬನ ತುಕಡಿಗೂ ಅವತ್ತು ಕೆಳಗು ಮೇಲು ಚೆನ್ನಾಗೇ ಗೊತ್ತಿತ್ತು.

ಕೋನ ಅಳೆಯೋಕೆ ಲಂಡನ್ನಿನಿಂದ ತರಿಸಿದ ಥಿಯೋಡೋಲೈಟ್ ಸುಮಾರು ಅರ್ಧ ಟನ್ ತೂಕ. ಬರುವ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅದು ಏನು ಅಂತ ತಿಳಿದ ಮೇಲೆ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟರು. ಬಯಲುಸೀಮೆಯಲ್ಲಿ ಗುಡ್ಡ ಇಲ್ಲದ ಕಡೆ ಗೋಪುರಗಳೇ ಅವನ ಗುಡ್ಡ. ಗೋಳಗುಮ್ಮಟ ಕಂಡಿದ್ದರೆ ಬಿಡ್ತಿರಲಿಲ್ಲ ಅನಿಸುತ್ತೆ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು, ಅದರ ದೊಡ್ಡ ವೃತ್ತ ಸೊಟ್ಟಗಾಯಿತು. ಬೇರೆಯವರಾಗಿದ್ದರೆ ಲಂಡನ್ನಿಗೆ ಪತ್ರ ಬರೆದು ಕೂಡ್ತಿದ್ದರು. ಲ್ಯಾಂಬ್ಟನ್ ಡೇರೆ ಹಾಕಿಕೊಂಡು ಆರು ವಾರ ಕೂತು, ಸ್ಕ್ರೂ, ಬೆಣೆ ಹಾಕಿ ಎಳೆದೆಳೆದು ಅದನ್ನು ಮತ್ತೆ ದುಂಡಗೆ ಮಾಡಿದ.

ನಮಗೆ ಅವನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು, ತನ್ನ ಲೆಕ್ಕವನ್ನೇ ಅವನು ನಂಬದೆ ಇದ್ದದ್ದು. ಮದ್ರಾಸಿನ ಗೆರೆಯಿಂದ ತ್ರಿಕೋನ ಕಟ್ಟಿಕೊಂಡು ಬೆಂಗಳೂರಿಗೆ ಬಂದ ಮೇಲೆ, 1804ರಲ್ಲಿ ಅಲ್ಲಿ ಮತ್ತೆ ನೆಲದ ಮೇಲೆ ಗೆರೆ ಅಳೆಸಿದ. ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಆಮೇಲೂ ಅಲ್ಲಲ್ಲಿ ನಿಂತು ಅಳೆಯೋದು ಬಿಡಲಿಲ್ಲ. 1815ರಲ್ಲಿ ಬೀದರ್ ಹತ್ತಿರವೂ ಅಳೆದ. ತೋಟದ ಗಾಡಿಗೂ ನಾವು ಇದೇ ಮಾಡೋದು. ಸಾಲಿನ ಕೊನೆಯಲ್ಲಿ ಗೂಟ ಹೊಡೆದು, ಸೆನ್ಸರ್ ಹೇಳಿದ ಜಾಗ ಎಷ್ಟು ದೂರ ಅಂತ ಟೇಪ್ ಹಿಡಿತೀವಿ.

1818ರಲ್ಲಿ ಜಾರ್ಜ್ ಎವರೆಸ್ಟ್ ಅವನ ಸಹಾಯಕನಾಗಿ ಬಂದ. ಹೊತ್ತಿಗೆ ಲ್ಯಾಂಬ್ಟನ್ ಮುದುಕನಾಗಿದ್ದ, ಆದರೂ ಕೆಲಸ ಉತ್ತರಕ್ಕೆ ಸಾಗುತ್ತಿತ್ತು. ನಾಗಪುರದ ಕಡೆ ಹೊರಟಿದ್ದಾಗ 1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಸಮಾಧಿ ಅಲ್ಲೇ ಇದೆ, ಹೈದರಾಬಾದ್–ನಾಗಪುರ ಹೈವೇ ಮೇಲೆ ಸಿಗೋ ಊರು. ಎವರೆಸ್ಟ್ ಆಮೇಲೆ ಬೀದರ್ ಹತ್ತಿರದ ದಾಮರಗಿಡ್ಡದ ಠಾಣೆಯಿಂದ ಲೆಕ್ಕ ಹಿಡಿದು ಉತ್ತರಕ್ಕೆ ಹೋದ.